ಟೋಪಿಯ ಬೆನ್ನು ಹತ್ತಿದ ನೀರು

ನಾನು ನಿವೃತ್ತನಾಗಲು ಎರಡು ವರ್ಷ ಬಾಕಿ ಇದ್ದಾಗ ನಡೆದ ಸಂಗತಿ ಇದು. ಬಹಳ ಹಿಂದಿನದೇನಲ್ಲ, ಹೊಲದ ಬದುವಿನ ಮೇಲೂ ವಾಟ್ಸಾಪ್ ನೋಡುವ ಕಾಲ ಬಂದ ಮೇಲಿನದು. ಶಹಾಪುರದ ಕಡೆಯಿಂದ ಹೊರಟು ಸುರಪುರದ ಕಡೆಗೆ ಹರಿಯುವ ಒಂದು ವಿತರಣಾ ಕಾಲುವೆಯ ಮೇಲೆ ನಾನು ಆಗ ಜೂನಿಯರ್ ಇಂಜಿನಿಯರ್. ಡಿಪ್ಲೊಮಾ ಮುಗಿಸಿ ಜೆಇ ಆಗಿ ಸೇರಿದವನು, ತಲೆ ಬೆಳ್ಳಗಾಗುವ ತನಕ ಜೆಇ ಆಗಿಯೇ ಉಳಿದವನು. ನಮ್ಮವರು ನಿವೃತ್ತರಾದ ಮೇಲೆ ತಾವು ಕಟ್ಟಿದ ಸೇತುವೆ, ಒಡೆದ ಬಂಡೆ, ತಡೆದ ಪ್ರವಾಹಗಳ ಬಗ್ಗೆ ಬರೆಯುತ್ತಾರೆ. ಅಂಥ ದೊಡ್ಡ ಕೆಲಸ ನನ್ನ ಕೈಯಿಂದ ಒಂದೂ ಆಗಲಿಲ್ಲ. ಆದರೆ ಒಂದು ಸೇಡು ತೀರಿಸಿಕೊಂಡೆ. ಅದನ್ನೇ ಬರೆಯುತ್ತಿದ್ದೇನೆ.

ಸೇಡು ಯಾರ ಮೇಲೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮೇಲಧಿಕಾರಿ, ಉಪವಿಭಾಗದ ಎಇಇ ಸಾಹೇಬರ ಮೇಲೆ. ಅವರ ಹೆಸರು ಬರೆಯುವುದಿಲ್ಲ. ಅವರ ಮೇಲೆ ಮರುಕ ಬಂದಿದೆ ಎಂದಲ್ಲ. ಅವರ ಮಕ್ಕಳು ಒಳ್ಳೆಯವರು, ಎದುರಿಗೆ ಸಿಕ್ಕರೆ ಈಗಲೂ ನಿಂತು ಮಾತಾಡಿಸುತ್ತಾರೆ.

ಆ ವರ್ಷ ನಮ್ಮ ಕಾಲುವೆಯ ನೀರು ಹಂಚಿಕೆ ನೋಡಲು ಒಬ್ಬ ವಿದೇಶಿ ತಜ್ಞರು ಬಂದರು. ಮೇಲಿನ ಕಚೇರಿಯಿಂದ ನನಗೆ ಬಂದ ಕಾಗದದಲ್ಲಿ ಇದ್ದದ್ದು ಇಷ್ಟೇ: 'ವಿದೇಶಿ ತಜ್ಞರು, ಒಂದು ವರ್ಷ, ಭಾಷಾಂತರಕ್ಕೆ ಜೆಇ ಜೊತೆಗಿರತಕ್ಕದ್ದು.' ಇಂಗ್ಲಿಷ್ ತಕ್ಕಮಟ್ಟಿಗೆ ಬರುತ್ತಿದ್ದುದರಿಂದ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಅವರ ಹೆಸರು ಪೀಟರ್. ವಯಸ್ಸು ಐವತ್ತರ ಆಚೆ. ಶಹಾಪುರದಲ್ಲಿ ಶರಣಮ್ಮ ಎಂಬುವರ ಮನೆಯ ಮಾಳಿಗೆ ಮೇಲಿನ ಎರಡು ಕೋಣೆ ಬಾಡಿಗೆ ಹಿಡಿದರು.

ಗೋರಾ ಸಾಹೇಬ ಬಂದಾನೆ ಎಂದು ಊರೆಲ್ಲ ಸುದ್ದಿಯಾಯಿತು. ಮೊದಲ ವಾರದಲ್ಲೇ ಅವರ ಮೆಟ್ಟಿಲ ಕೆಳಗೆ ಅರ್ಜಿ ಹಿಡಿದವರ ಸಾಲು ನಿಂತಿತು. ರೇಷನ್ ಕಾರ್ಡಿನಲ್ಲಿ ಹೆಸರು ಬಿಟ್ಟುಹೋದವರು, ಬೋರ್‌ವೆಲ್ ಬೇಕಾದವರು, ಮಗನಿಗೆ ನೌಕರಿ ಬೇಕಾದವರು. ಬಿಳಿ ಚರ್ಮದ ಮನುಷ್ಯ ಅಂದಮೇಲೆ ಡಿ.ಸಿ.ಗಿಂತ ಮೇಲಿರಬೇಕು ಎಂಬುದು ಲೆಕ್ಕ. ಪೀಟರ್ ಆ ಕಾಗದಗಳನ್ನು ಬೇಡ ಎನ್ನಲಾರದೆ ಒಂದು ಬಟ್ಟೆ ಚೀಲದಲ್ಲಿ ತುಂಬಿ, ತಿಂಗಳಿಗೊಮ್ಮೆ ನನ್ನ ಮುಂದೆ ಸುರಿದು, 'ಇವರಿಗೆ ನಾನು ಏನು ಮಾಡಲಿ?' ಎಂದು ಕೇಳುತ್ತಿದ್ದರು. ನಾನು ನಕ್ಕುಬಿಡುತ್ತಿದ್ದೆ.

ಆದರೆ ಶರಣಮ್ಮನಿಗೆ ಮಾತ್ರ ಅವರ ದೊಡ್ಡಸ್ತಿಕೆಯಲ್ಲಿ ನಂಬಿಕೆ ಹುಟ್ಟಲೇ ಇಲ್ಲ. ಒಮ್ಮೆ ನನ್ನನ್ನು ಮೆಟ್ಟಿಲ ಹತ್ತಿರವೇ ತಡೆದು ಕೇಳಿದರು:

"ಖರೇನ ಹೇಳ್ರಿ, ಇವ ಸಾಹೇಬ ಹೌದೋ ಅಲ್ಲೋ? ತನ್ನ ಅಂಗಿ ತಾನ ಒಕ್ಕೋತಾನ. ಹರಕ ಚಪ್ಪಲಿಗಿ ತಾನ ಹೊಲಿಗಿ ಹಾಕ್ಕೋತಾನ. ಮುಂಜಾನೆದ್ದು ಚಡ್ಡಿ ಮ್ಯಾಲ ಓಡ್ತಾನ. ಹಿಂದ ಯಾರಾದ್ರೂ ಬೆನ್ನ ಹತ್ಯಾರೇನು ಅಂತ ನೋಡಿದ್ರ ಒಂದ್ ನಾಯಿನೂ ಇರಂಗಿಲ್ಲ!"

"ಅವರ ದೇಶದಾಗ ಹಂಗ ಅವ್ವಾರ" ಎಂದೆ.

"ಅಮೇರಿಕಾದಾಗ ಅಷ್ಟು ಬಡತನ ಅದ ಏನ್ರಿ?" ಎಂದರು ಶರಣಮ್ಮ.

ರವಿವಾರ ಪೀಟರ್ ಬೋನಾಳ ಕೆರೆಗೆ ಹೋಗಿ ಕಣ್ಣಿಗೆ ದುರ್ಬೀನು ಹಚ್ಚಿಕೊಂಡು ಹಕ್ಕಿ ನೋಡುತ್ತ ಕೂರುತ್ತಿದ್ದರು. ಅಲ್ಲಿಯ ಕೆಲವರು ಅವರು ನಿಧಿ ಹುಡುಕುತ್ತಿದ್ದಾರೆ ಎಂದರು, ಕೆಲವರು ವಿಮಾನ ಇಳಿಯಲು ಜಾಗ ನೋಡುತ್ತಿದ್ದಾರೆ ಎಂದರು. ಹಕ್ಕಿ ನೋಡಲಿಕ್ಕೆಂದೇ ಒಬ್ಬ ಮನುಷ್ಯ ಅಷ್ಟು ದೂರದಿಂದ ಬರುತ್ತಾನೆ ಎಂಬ ಮಾತನ್ನು ಯಾರೂ ನಂಬಲಿಲ್ಲ. ನಮ್ಮ ಬಿಸಿಲು ಅವರ ಚರ್ಮಕ್ಕೆ ಆಗುತ್ತಿರಲಿಲ್ಲ. ಅದಕ್ಕೆ ಖಾಕಿ ಬಟ್ಟೆಯ, ಹಿಂದೆ ಕುತ್ತಿಗೆ ಮುಚ್ಚುವ ಪದರವಿದ್ದ ಒಂದು ಅಗಲ ಅಂಚಿನ ಟೋಪಿ ಹಾಕುತ್ತಿದ್ದರು. ಅಂಥ ಟೋಪಿ ನಮ್ಮ ಜಿಲ್ಲೆಯಲ್ಲೇ ಇನ್ನೊಂದಿರಲಿಲ್ಲ. ಬಿಳಿ ಜೀಪಿನ ಮುಂದಿನ ಸೀಟಿನಲ್ಲಿ ಅದು ಕಂಡರೆ ಸಾಕು, ದೂರದಿಂದಲೇ ಜನ ಕೈ ಎತ್ತುತ್ತಿದ್ದರು. ಪೀಟರ್ ಎರಡು ಬೆರಳು ಎತ್ತಿ ತಿರುಗಿ ನಮಸ್ಕಾರ ಹೇಳುತ್ತಿದ್ದರು.

ಇನ್ನು ಕಾಲುವೆಯ ವಿಷಯ. ಕಾಲುವೆ ಶುರುವಾಗುವ ಕಡೆಗೆ ನಾವು 'ಹೆಡ್' ಎನ್ನುತ್ತೇವೆ, ಮುಗಿಯುವ ಕಡೆಗೆ 'ಟೇಲ್'. ಹೆಡ್‌ನಲ್ಲಿ ಬಿಟ್ಟ ನೀರು ನಮ್ಮ ಟೇಲ್ ಮುಟ್ಟಲು ಹದಿನಾಲ್ಕು ತಾಸು ಬೇಕು. ಮುಟ್ಟಿದರೆ! ಹೆಡ್‌ನ ಹೊಲಗಳಲ್ಲಿ ಭತ್ತ ಹಚ್ಚುವಂತಿಲ್ಲ ಎಂದು ನಿಯಮ. ಎಲ್ಲಿ ನೋಡಿದರೂ ಭತ್ತ. ಆ ಭತ್ತದವರ ತೂಬುಗಳು ಹಗಲಿರುಳು ತೆರೆದೇ ಇರುತ್ತಿದ್ದವು. ಎಇಇ ಸಾಹೇಬರು ಅವರ ಮಾತು ಮೀರುತ್ತಿರಲಿಲ್ಲ, ಅವರು ಸಾಹೇಬರ ಮಾತು ಮೀರುತ್ತಿರಲಿಲ್ಲ. ಟೇಲ್‌ನವರು ಮೆಣಸಿನಕಾಯಿ ಹಚ್ಚಿ ಬರಿದಾದ ಕಾಲುವೆ ನೋಡುತ್ತ ಕೂರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎನ್ನುತ್ತಾರಲ್ಲ, ಅಣೆಕಟ್ಟಿನಲ್ಲಿ ನೀರಿದ್ದೂ ನಮ್ಮ ಟೇಲ್‌ನ ಸ್ಥಿತಿ ಹಾಗಿತ್ತು. ಇದೆಲ್ಲ ನನಗೆ ಗೊತ್ತಿತ್ತು, ಗೊತ್ತಿದ್ದೂ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ.

ಪೀಟರ್ ಸಭ್ಯರು. ನಾಳೆ ಎಲ್ಲಿಗೆ ಹೋಗುತ್ತೇನೆ ಎಂಬುದನ್ನು ಹಿಂದಿನ ದಿನ ಬೆಳಿಗ್ಗೆಯೇ ಬರೆದು ಎಇಇ ಕಚೇರಿಗೆ ಕಳಿಸುತ್ತಿದ್ದರು. ಆ ಪ್ರೋಗ್ರಾಂ ಕಾಗದ ಟೈಪ್ ಮಾಡುವವನು ನಾನೇ. ಕಾಗದದಲ್ಲಿ ಟೇಲ್ ಎಂದಿದ್ದರೆ ಎಇಇ ಸಾಹೇಬರ ಫೋನು ಹೆಡ್‌ಗೆ ಹೋಗುತ್ತಿತ್ತು. ಮಧ್ಯಾಹ್ನದಷ್ಟೊತ್ತಿಗೆ ಮೇಲಿನ ತೂಬುಗಳೆಲ್ಲ ಬಂದ್. ಮರುದಿನ ನಾವು ಹೋದಾಗ ಟೇಲ್‌ನಲ್ಲಿ ಎರಡು ಅಡಿ ನೀರು ಹರಿಯುತ್ತಿರುತ್ತಿತ್ತು. ನಾವು ಹಿಂದೆ ತಿರುಗಿದೊಡನೆ ಮೇಲಿನ ತೂಬುಗಳು ಮತ್ತೆ ತೆರೆದುಕೊಳ್ಳುತ್ತಿದ್ದವು. ಟೋಪಿ ಎಲ್ಲಿಗೆ ಹೋದರೆ ನೀರು ಅಲ್ಲಿಗೆ.

ಪೀಟರ್ ನಮ್ಮ ಮಾತಿನಲ್ಲಿ ಒಂದು ಪ್ರಶ್ನೆ ಕಲಿತಿದ್ದರು: "ನೀರ್ ಅದ?" ಸಿಕ್ಕವರಿಗೆಲ್ಲ ಕೇಳುತ್ತಿದ್ದರು. ಎಲ್ಲರೂ "ಅದ್ರಿ, ಅದ್ರಿ" ಎನ್ನುತ್ತಿದ್ದರು. ಹೆದರಿಕೆಯಿಂದ ಅಲ್ಲ. ದೂರದಿಂದ ಬಂದ ಪರದೇಶಿ ಮನುಷ್ಯ ಕೇಳುವಾಗ 'ಇಲ್ಲ' ಎಂದು ಹೇಗೆ ಹೇಳುವುದು? ಮನೆ ಬಾಗಿಲಿಗೆ ಬಂದ ಅತಿಥಿಗೆ ಇಲ್ಲ ಎಂಬ ಮಾತು ಆಡಬಾರದು ಎಂದು ನಮ್ಮಲ್ಲಿ ಸಣ್ಣಂದಿನಿಂದ ಹೇಳಿಕೊಟ್ಟಿರುತ್ತಾರೆ. ಹೊಲ ಒಣಗಿದವನೂ ಮೊದಲು ಚಹಾ ಕುಡಿಸಿ, ಆಮೇಲೆ "ಅದ್ರಿ" ಎನ್ನುತ್ತಿದ್ದ.

ಇಲ್ಲ ಎಂದವನು ಒಬ್ಬನೇ, ಭೀಮರಾಯ.

ಭೀಮರಾಯ ಟೇಲ್‌ನ ಗೇಜ್ ರೀಡರ್. ಗೇಜ್ ಎಂದರೆ ಕಾಲುವೆಯ ಗೋಡೆಗೆ ಬಡಿದ ಅಡಿ-ಇಂಚಿನ ಪಟ್ಟಿ. ನೀರು ಎಷ್ಟಿದೆ ಎಂದು ದಿನವೂ ನೋಡಿ ಬರೆಯುವುದು, ಹೊಲಗಳಿಗೆ ನೀರು ತಿರುಗಿಸುವ ಗೇಟನ್ನು ಎತ್ತಿ ಇಳಿಸುವುದು ಅವನ ಕೆಲಸ. ದಿನಗೂಲಿಯ ಮೇಲೆ ಸೇರಿ ಹತ್ತೊಂಬತ್ತು ವರ್ಷವಾದರೂ ಕಾಯಂ ಆಗಿರಲಿಲ್ಲ. ಗೇಟ್ ಎತ್ತಲು ಇಂಗ್ಲಿಷಿನ ಜಡ್ ಅಕ್ಷರದ ಆಕಾರದ ಒಂದು ಕಬ್ಬಿಣದ ಹ್ಯಾಂಡಲ್ ಇರುತ್ತದೆ. ಅದು ಅವನ ಹೆಗಲ ಮೇಲೆ ಯಾವಾಗಲೂ ಇರಬೇಕು, ಮದುವೆಗೆ ಹೋದರೂ ಹೊತ್ತುಕೊಂಡೇ ಹೋಗುತ್ತಾನೆ ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ಊರಲ್ಲಿ ಅವನ ಮಾನ ಎಂದರೆ ಆ ಹ್ಯಾಂಡಲ್.

ಒಂದು ದಿನ ಪೀಟರ್, ಎಇಇ ಸಾಹೇಬರು, ನಾನು ಟೇಲ್‌ಗೆ ಹೋದೆವು. ಎಂದಿನಂತೆ ಎರಡು ಅಡಿ ನೀರು. ಕಾಲುವೆಗೆ ಅಲ್ಲಿ ಒಂದು ಕಲ್ವರ್ಟ್, ಸಣ್ಣ ಸೇತುವೆ, ಇದೆ. ಅದರ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಎಳೆದ ಮೂರು ನೇರ ಗೀಟುಗಳು. ಮುಕ್ಕಾಲು ಪಾಲು ನೀರಿನ ಒಳಗೆ, ತುದಿ ಮಾತ್ರ ಹೊರಗೆ. ಪೀಟರ್ ಬಗ್ಗಿ ನೋಡಿದರು.

'ಈ ಮೂರು ಗೆರೆ ಏನು?' ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಭೀಮರಾಯನ ಕಡೆ ತಿರುಗಿದೆ.

ಭೀಮರಾಯ ಸುತ್ತಿ ಬಳಸಿ ಮಾತಾಡುವವನಲ್ಲ. "ವಿಕೆಟ್ರಿ" ಎಂದ. "ಹುಡುಗ್ರು ಕಾಲುವ್ಯಾಗ ಕ್ರಿಕೆಟ್ ಆಡ್ತಾವ. ತಿಂಗಳಾನುಗಟ್ಟಲೆ ಬಣಬಣ ಒಣಗಿರ್ತದ, ಕಾಂಕ್ರೀಟ್ ನೆಲ, ಪಿಚ್ ಚಲೋ ಆಗ್ತದ. ಇವತ್ತಿನ ನೀರು ಈ ಸಾಹೇಬ್ರ ಸಲುವಾಗಿ ಬಂದದ. ನಾಳಿಗಿ ಇರಂಗಿಲ್ಲ. ಹಂಗ ಹೇಳ್ರಿ ಅವ್ರಿಗಿ."

ಎಇಇ ಸಾಹೇಬರು ತಮ್ಮ ಕಪ್ಪು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಪೀಟರ್‌ಗೆ ಹೇಳಿದೆ: 'ಅದು ನೀರಿನ ಆಳದ ಹಳೆಯ ಗುರುತಂತೆ. ನೀರು ಚೆನ್ನಾಗಿ ಬರುತ್ತಿದೆ, ಸಂತೋಷ ಎನ್ನುತ್ತಿದ್ದಾನೆ.'

ಪೀಟರ್ ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಆಮೇಲೆ ತಮ್ಮ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡು ಥ್ಯಾಂಕ್ಸ್ ಎಂದರು. ಭೀಮರಾಯನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ತನ್ನ ಮಾತನ್ನೇ ನಾನು ಹೇಳಿದ್ದೇನೆ ಎಂದು ತಿಳಿದು, ಎದೆ ಹಗುರಾದವನ ಹಾಗೆ ಕೈ ಮುಗಿದ.

ಪೀಟರ್ ಕಾಲುವೆಯ ಮೇಲೆ ಸ್ವಲ್ಪ ಮುಂದೆ ನಡೆದುಹೋದಾಗ ಎಇಇ ಸಾಹೇಬರು ಭೀಮರಾಯನ ಹೆಗಲಿನಿಂದ ಹ್ಯಾಂಡಲ್ ಕಿತ್ತುಕೊಂಡರು.

"ನಾಳಿಂದ ಬರಬ್ಯಾಡ. ಆ ಗೋರಾನ ಹಂತ್ಯಾಕ ಹೋಗಿ ನೌಕರಿ ಕೇಳ್ಕೋ ಹೋಗು. ಗೇಟ್ ಎತ್ತಿ ನೀರಿಳಸೂ ಕೆಲಸನೂ ಬ್ಯಾಡ ಇಲ್ಲಿ."

ಎರಡನೆಯ ಮಾತಿಗೆ ಕಾರಣವಿತ್ತು. ತೋರಿಕೆಯ ನೀರು ಬಂದ ದಿನಗಳಲ್ಲಿ ಭೀಮರಾಯ ಗೇಟ್ ಎತ್ತಿ ಅದನ್ನು ಮೆಣಸಿನಕಾಯಿ ಹೊಲಗಳಿಗೆ ತಿರುಗಿಸುತ್ತಿದ್ದ. ಆಗ ಕಾಲುವೆಯಲ್ಲಿ ಮಟ್ಟ ಇಳಿಯುತ್ತಿತ್ತು, ಪೀಟರ್ ಕಣ್ಣಿಗೆ ನೀರು ಕಡಿಮೆ ಕಾಣುತ್ತಿತ್ತು. ಇನ್ನು ಮೇಲೆ ತೋರಿಸಿದ ನೀರು ಯಾರ ಹೊಲಕ್ಕೂ ಹೋಗದೆ ನೇರ ಹಳ್ಳಕ್ಕೆ ಬೀಳಬೇಕು ಎಂಬುದು ಸಾಹೇಬರ ವ್ಯವಸ್ಥೆ. ಹ್ಯಾಂಡಲನ್ನು ತಮ್ಮ ಜೀಪಿನ ಹಿಂದಿನ ಸೀಟಿನ ಕೆಳಗೆ ಎಸೆದರು.

ಮರುದಿನ ಭೀಮರಾಯ ಶಹಾಪುರದ ನನ್ನ ಕಚೇರಿಗೆ ಬಂದ. ಬರಿದಾದ ಹೆಗಲನ್ನು ಪದೇ ಪದೇ ಮುಟ್ಟಿಕೊಳ್ಳುತ್ತಿದ್ದ.

"ಸಾಹೇಬ್ರ, ಗೋರಾ ಸಾಹೇಬ್ರಿಗಿ ನೀವು ಇಂಗ್ಲೀಷಿನ್ಯಾಗ ಬರೋಬ್ಬರಿ ಹೇಳಿದ್ರಿಲ್ಲ? ಮತ್ತ ಅವ್ರು ಯಾಕ ಏನೂ ಅನಲಿಲ್ಲ?"

"ನೋಡೂಣು ತಡಿ, ಭೀಮರಾಯ" ಎಂದೆ. ಅವನು ಹೋದ ಮೇಲೆ ನನ್ನ ಮೈಯೆಲ್ಲ ಉರಿಯಿತು. ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಹೊರಲಾರದೆ ಎಲ್ಲವನ್ನೂ ಎಇಇ ಮೇಲೆ ಹಾಕಿದೆ. ಆ ಮನುಷ್ಯ ಕಿತ್ತುಕೊಂಡ ಹ್ಯಾಂಡಲನ್ನು ತನ್ನ ಕೈಯಾರೆ ಭೀಮರಾಯನ ಕೈಗೆ ಇಡಬೇಕು, ಅದೂ ಊರ ಜನರ ಎದುರಿಗೆ. ಅದಾಗುವ ತನಕ ನಾನು ಗಂಡಸೇ ಅಲ್ಲ ಎಂದು ಹಲ್ಲು ಕಚ್ಚಿ ಹೇಳಿಕೊಂಡೆ. ಮೇಲಿನವರಿಗೆ ದೂರು ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ದೂರು ಹೋಗುವುದು ಎಇಇ ಮೂಲಕವೇ.

ಮೊದಲು ಮಾಡಿದ ಕೆಲಸ ಇಷ್ಟೇ: ಪ್ರೋಗ್ರಾಂ ಕಾಗದದಲ್ಲಿ ಟೇಲ್ ಎಂಬ ಶಬ್ದ ಹೆಚ್ಚಿಸಿದೆ. ಬೋನಾಳದ ಕಡೆ ಹಕ್ಕಿ ಬಂದಿವೆ, ಹಾದಿಯಲ್ಲೇ ಟೇಲ್ ನೋಡಿಕೊಂಡು ಹೋಗೋಣ ಎಂದರೆ ಪೀಟರ್ ಖುಷಿಯಿಂದ ಒಪ್ಪುತ್ತಿದ್ದರು. ಹತ್ತು ದಿನಕ್ಕೊಮ್ಮೆ ಇದ್ದದ್ದು ವಾರಕ್ಕೆ ಎರಡು ಸಲ ಆಯಿತು. ಪ್ರತಿ ಸಲವೂ ಹೆಡ್‌ನ ತೂಬು ಬಂದ್. ಭತ್ತದವರು ಎಇಇ ಸಾಹೇಬರಿಗೆ ಫೋನ್ ಮಾಡಿ ಬೈಯಲು ಶುರುಮಾಡಿದರು. ಅವರ ಕೋಣೆಯ ಹೊರಗೆ ನಿಂತು ಆ ಬೈಗುಳ ಕೇಳುವುದೇ ನನಗೆ ಒಂದು ಸುಖ. ಆದರೆ ಟೇಲ್‌ಗೆ ಬಂದ ನೀರು ಹೊಲಕ್ಕೆ ಹೋಗಲಿಲ್ಲ. ಗೇಟ್ ಎತ್ತಲು ಹ್ಯಾಂಡಲ್ ಇರಲಿಲ್ಲ. ಊರವರು ಹಾರೆ ಹಾಕಿ ಎತ್ತಲು ನೋಡಿದರು, ಗೇಟ್ ಜಗ್ಗಲಿಲ್ಲ. ನೀರು ಅವರ ಕಣ್ಣ ಮುಂದೆಯೇ ಹಳ್ಳಕ್ಕೆ ಹೋಗುತ್ತಿತ್ತು. ಮೆಣಸಿನ ಗಿಡಗಳು ಹೂ ಉದುರಿಸಲು ಹತ್ತಿದ್ದವು.

ಆಗ ಪೀಟರ್ ವೀಸಾ ಕೆಲಸಕ್ಕೆಂದು ಒಂದು ವಾರ ಹೈದರಾಬಾದಿಗೆ ಹೊರಟರು. ಈ ವಿಷಯ ನನಗೆ ಮತ್ತು ಶರಣಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಗರದಲ್ಲಿ ಟೋಪಿ ಯಾಕೆ ಎಂದು ಮಾಳಿಗೆಯ ಗೂಟಕ್ಕೆ ಹಾಕಿ ಹೋಗಿದ್ದರು. ನಾನು ಹೋಗಿ ಕೇಳಿದೆ.

"ಅವನ ಟೋಪಿ ನಿಮಗ್ಯಾಕ್ರಿ?" ಎಂದರು ಶರಣಮ್ಮ.

"ಬಿಸಲು ಭಾಳ ಅದ ಅವ್ವಾರ."

"ಒಯ್ರಿ. ಅದನ್ನ ತೊಳೀಲಾರದ ಎಷ್ಟು ದಿನ ಆಗ್ಯಾವೋ ಏನೋ, ಮೂಗು ಮುಚ್ಕೊಂಡು ಹಾಕ್ಕೋರಿ."

ಅಂದು ಬೆಳಿಗ್ಗೆಯೇ ಪ್ರೋಗ್ರಾಂ ಕಾಗದ ಕಳಿಸಿದೆ. ಅದರಲ್ಲಿ ಒಂದು ಸುಳ್ಳನ್ನೂ ಬರೆಯಲಿಲ್ಲ. 'ತಜ್ಞರ ಜೀಪು ನಾಳೆಯಿಂದ ನಾಲ್ಕು ದಿನ ಟೇಲ್‌ಗೆ ಹೋಗಲಿದೆ' ಎಂದಷ್ಟೇ ಇತ್ತು. ಜೀಪು ಹೋಗುವುದು ನಿಜವೇ ತಾನೆ? ಡ್ರೈವರ್ ಮೌಲಾಸಾಬನಿಗೆ ಎಲ್ಲ ಬಿಡಿಸಿ ಹೇಳಿದೆ. ಅವನು ಕೂಡಲೇ ಜೀಪಿನ ಗಾಜು ಒರೆಸತೊಡಗಿದ. ಎಇಇ ಸಾಹೇಬರು ಒಮ್ಮೆ ಎಲ್ಲರೆದುರು ಅವನ ಕಪಾಳಕ್ಕೆ ಕೈ ಎತ್ತಿದ್ದರು. ಅದು ಅವನ ಲೆಕ್ಕ.

ಕಷ್ಟವಾದದ್ದು ಭೀಮರಾಯನನ್ನು ಒಪ್ಪಿಸುವುದು.

"ನನಗ್ಯಾಕ್ರಿ ಆ ವ್ಯಾಷ? ನಾಟಕದಾಗ ಪಾರ್ಟ್ ಮಾಡಿದವ ಅಲ್ಲ ನಾ" ಎಂದ.

"ನಿನ್ನ ಹ್ಯಾಂಡಲ್ ತಿರುಗಿ ಬೇಕೋ ಬ್ಯಾಡೋ?"

ಅವನು ಟೋಪಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಅಂಚನ್ನು ಕಣ್ಣಿನ ತನಕ ಎಳೆದು ಹಾಕಿಕೊಂಡ. ಉದ್ದ ತೋಳಿನ ನನ್ನ ಬಿಳಿ ಅಂಗಿ ಕೊಟ್ಟೆ. ಗಾಜು ಏರಿಸಿ ಮುಂದಿನ ಸೀಟಿನಲ್ಲಿ ಕೂರಿಸಿದ ಮೇಲೆ ನಾನು ರಸ್ತೆಯ ಆಚೆಗೆ ನಿಂತು ನೋಡಿದೆ. ಪೀಟರ್ ಅಲ್ಲ ಎಂದು ಹೇಳಲು ನನಗೇ ಎರಡು ಸಲ ನೋಡಬೇಕಾಯಿತು.

ಹೆಡ್‌ನ ಕ್ರಾಸಿನಲ್ಲಿ ಎಇಇ ಸಾಹೇಬರು ಇಟ್ಟಿದ್ದ ಕಾವಲಿನವ ಒಬ್ಬ ಇರುತ್ತಿದ್ದ. ಜೀಪು ದಾಟುವಾಗ ಅವನು ಎದ್ದು ನಿಂತು ಸಲಾಮು ಹೊಡೆದ. ಭೀಮರಾಯ ಎರಡು ಬೆರಳು ಎತ್ತಿದ. ಕಾವಲಿನವ ಫೋನು ಕಿವಿಗೆ ಹಚ್ಚುವುದು ನನಗೆ ಹಿಂದಿನ ಸೀಟಿನಿಂದ ಕಾಣಿಸಿತು. ಅಲ್ಲಿಯ ತನಕ ಇದೇ ಕ್ರಾಸಿನಲ್ಲಿ ಭೀಮರಾಯ ಸೈಕಲ್ ಮೇಲೆ ಹೋಗುವಾಗ ಅವನು ಮುಖ ಕೂಡ ಎತ್ತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಭೀಮರಾಯ, "ಚರ್ಮ ನೋಡಲಿಲ್ರಿ ಅವ, ಟೋಪಿ ನೋಡಿದ" ಎಂದ.

ಒಂದು ದಿನ, ಎರಡು ದಿನ, ಮೂರು ದಿನ. ಟೇಲ್‌ನಲ್ಲಿ ಬಿಡದೆ ನೀರು ಹರಿಯಿತು. ಊರವರು ನಮ್ಮನ್ನು ನೋಡಿ ಮೊದಲ ದಿನವೇ ಗುರುತು ಹಿಡಿದರು. ಒಬ್ಬರೂ ಬಾಯಿ ಬಿಡಲಿಲ್ಲ. ಟೋಪಿ ಹಾಕಿದ ಭೀಮರಾಯನಿಗೆ ಒಬ್ಬ ಮುದುಕಿ ಬೇಕೆಂದೇ ಅರ್ಜಿಯೊಂದನ್ನು ಕೊಟ್ಟು, "ಸಾಹೇಬ, ನಮ್ಮ ಭೀಮರಾಯನ ನೌಕರಿ ತಿರುಗಿ ಕೊಡಸಪ್ಪಾ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಾಲ್ಕನೆಯ ದಿನ ನಾನು ಕಾಯುತ್ತಿದ್ದ ಧೂಳು ರಸ್ತೆಯಲ್ಲಿ ಎದ್ದಿತು. ಭತ್ತದವರ ಕಾಟ ತಡೆಯಲಾರದೆ, ಎರಡು ದಿನ ಬೇರೆ ಕಡೆ ಹೋಗಿ ಎಂದು ಗೋರಾ ಸಾಹೇಬರನ್ನು ಬೇಡಿಕೊಳ್ಳಲು ಎಇಇ ಸಾಹೇಬರು ತಾವೇ ಬಂದಿದ್ದರು. ಬೆನ್ನಿಗೆ ಭತ್ತದ ಹೊಲದ ನಾಲ್ಕು ಜನ ಮೋಟಾರ್ ಸೈಕಲ್ ಮೇಲೆ. ಸಾಹೇಬರ ಕೈಯಲ್ಲಿ ಎಳನೀರು. ಟೇಲ್‌ನ ಊರು ಪೂರ್ತಿ ಕಾಲುವೆಯ ದಂಡೆ ಮೇಲಿತ್ತು.

ಸಾಹೇಬರು ನನ್ನ ಕಡೆ ನೋಡದೆ ನೇರ ಜೀಪಿನ ಕಿಟಕಿಗೆ ಹೋದರು. ನಡು ಬಗ್ಗಿಸಿ, ಎರಡೂ ಕೈಯಲ್ಲಿ ಎಳನೀರು ಹಿಡಿದು, ಗುಡ್ ಮಾರ್ನಿಂಗ್ ಸರ್ ಎಂದರು. ಗಾಜು ಮೆಲ್ಲಗೆ ಇಳಿಯಿತು. ಭೀಮರಾಯ ಎಳನೀರು ತೆಗೆದುಕೊಂಡ, ಒಂದು ಗುಟುಕು ಕುಡಿದ, ಆಮೇಲೆ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟ.

"ನಮಸ್ಕಾರ್ರಿ ಸಾಹೇಬ್ರ" ಎಂದ.

ಅಷ್ಟು ಹೊತ್ತು ಒಬ್ಬ ಮನುಷ್ಯನ ನಡು ಬಗ್ಗಿದ್ದಲ್ಲೇ ಉಳಿದದ್ದನ್ನು ನಾನು ಮತ್ತೆ ನೋಡಿಲ್ಲ. ಎದ್ದು ನಿಂತಾಗ ಅವರ ಮುಖದ ಬಣ್ಣ ಇಳಿದಿತ್ತು. ನನ್ನ ಕಡೆ ಬೆರಳು ತೋರಿಸಿದರು.

"ನಿನ್ನ ಸಸ್ಪೆಂಡ್ ಮಾಡಸ್ತೀನಿ. ಇವತ್ತ ಮ್ಯಾಲಕ ಬರೀತೀನಿ."

ಈ ಮಾತಿಗೇ ನಾನು ಎಷ್ಟೋ ದಿನದಿಂದ ಕಾದಿದ್ದೆ.

"ಬರೀರಿ ಸಾಹೇಬ್ರ" ಎಂದೆ. "ಜೆಇ ಒಬ್ಬ ಮನುಷ್ಯಾನ ತಲಿ ಮ್ಯಾಲ ಟೋಪಿ ಇಟ್ಟ, ಅದನ್ನ ನೋಡಿ ನಾನು ನಾಲ್ಕು ದಿನ ಟೇಲ್‌ಗಿ ನೀರು ಬಿಟ್ಟೆ ಅಂತ ಬರೀರಿ. ಟೋಪಿ ಇಲ್ಲದ ದಿನ ನೀರು ಎಲ್ಲಿಗಿ ಹೋಗ್ತದ ಅಂತ ಅವ್ರು ಕೇಳ್ತಾರ. ಅದಕ್ಕೂ ನೀವ ಉತ್ತರಾ ಬರೀರಿ. ನನಗ ಎರಡು ವರ್ಷ ನೌಕರಿ ಉಳದದ. ನಿಮಗ ಮುಂದಿನ ಪ್ರಮೋಷನ್ ಅದ."

ಆಚೆ ದಂಡೆಯ ಮೇಲೆ ಮೌಲಾಸಾಬ ಫೋನ್ ಎತ್ತಿ ಹಿಡಿದು ನಿಂತಿದ್ದ. ಸಾಹೇಬರು ಅದನ್ನೂ ನೋಡಿದರು. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೆನ್ನಿಗೆ ಬಂದಿದ್ದ ಭತ್ತದವರು ಫೋನ್ ಕಂಡೊಡನೆ ಮೋಟಾರ್ ಸೈಕಲ್ ತಿರುಗಿಸಿದ್ದರು.

"ಏನ್ ಬೇಕು ನಿಮಗ?" ಎಂದರು. ಅವರು ನನಗೆ 'ನಿಮಗ' ಎಂದದ್ದು ಅದೇ ಮೊದಲು.

"ನನಗೇನೂ ಬ್ಯಾಡ್ರಿ. ಅವನ ಹ್ಯಾಂಡಲ್ ನಿಮ್ಮ ಸೀಟಿನ ಕೆಳಗ ಅದ."

ಅವರ ಡ್ರೈವರ್ ತರಲು ಹೋದ. ಬೇಡ ಎಂದು ತಡೆದೆ. ಎಇಇ ಸಾಹೇಬರು ತಾವೇ ಹೋಗಿ, ಇಸ್ತ್ರಿ ಅಂಗಿಗೆ ಗ್ರೀಸ್ ಹತ್ತಿಸಿಕೊಂಡು, ಸೀಟಿನ ಕೆಳಗಿನಿಂದ ಅದನ್ನು ಎಳೆದು ತಂದು ಭೀಮರಾಯನ ಕೈಗೆ ಕೊಟ್ಟರು. ಭೀಮರಾಯ ಓಡಿದ. ಗೇಟ್ ಎದ್ದಿತು. ನೀರು ಹೊಲದ ಕಾಲುವೆಗೆ ಹೊರಳಿದಾಗ ಹೆಂಗಸರು ಹೊಲಗಳ ಕಡೆ ಓಡುತ್ತ ಕೂಗಿದರು. ಸಾಹೇಬರು ಜೀಪು ಹತ್ತಿ ಹೋದದ್ದನ್ನು ಯಾರೂ ನೋಡಲಿಲ್ಲ, ನನ್ನನ್ನು ಬಿಟ್ಟು. ನಾನು ಧೂಳು ಕಣ್ಮರೆಯಾಗುವ ತನಕ ನೋಡಿದೆ.

ಸೇಡು ತೀರಿದ ಮೇಲೆ ಮನಸ್ಸು ಭಾರವಾಯಿತು, ವ್ಯರ್ಥವೆನಿಸಿತು ಎಂದು ತಿಳಿದವರು ಬರೆಯುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಅಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಮೂರು ತಿಂಗಳಲ್ಲಿ ಎಇಇ ಸಾಹೇಬರು ತಾವಾಗಿಯೇ ವರ್ಗ ಮಾಡಿಸಿಕೊಂಡು ಹೋದರು. ಅಲ್ಲಿಯ ತನಕ ಮೌಲಾಸಾಬನ ಫೋನಿನ ಹೆದರಿಕೆಗೆ ಟೇಲ್‌ಗೆ ಪಾಳಿಯ ಪ್ರಕಾರ ನೀರು ಬಂತು. ಫೋನಿನಲ್ಲಿ ಆ ದಿನ ಚಾರ್ಜ್ ಇರಲೇ ಇಲ್ಲ ಎಂದು ಮೌಲಾಸಾಬ ನನಗೆ ಹೇಳಿದ್ದು ಅವರು ಹೋದ ಮೇಲೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಜಂಬದಿಂದ ತಿರುಗಾಡಬಹುದಿತ್ತು.

ಪೀಟರ್ ಹೈದರಾಬಾದಿನಿಂದ ಬಂದರು. ಟೋಪಿ ತಿರುಗಿ ಕೊಡಲು ಹೋದಾಗ ನಡೆದದ್ದನ್ನೆಲ್ಲ ಹೇಳಿದೆ. ಮೂರು ಗೀಟಿನ ವಿಷಯವನ್ನೂ ಹೇಳಿದೆ: ಅದು ಆಳದ ಗುರುತಲ್ಲ, ವಿಕೆಟ್, ನಾನು ಸುಳ್ಳು ಹೇಳಿದ್ದೆ. ಪೀಟರ್ ಹೊಲಿಯುತ್ತಿದ್ದ ಚಪ್ಪಲಿಯನ್ನು ಕೆಳಗಿಟ್ಟು ನೋಟ್‌ಬುಕ್ ತೆಗೆದು ಆ ದಿನದ ಪುಟ ತೋರಿಸಿದರು. 'ಟೇಲ್‌ನಲ್ಲಿ ವಿಕೆಟ್. ಕಾಲುವೆ ಬಹುಕಾಲ ಒಣಗಿರುತ್ತದೆ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

'ನಿಮಗೆ ಹೇಗೆ ಗೊತ್ತಾಯಿತು?' ಎಂದೆ.

'ನಾನು ಆಸ್ಟ್ರೇಲಿಯಾದವನು' ಎಂದರು. 'ಹುಡುಗನಿದ್ದಾಗ ನಾನೂ ನಮ್ಮೂರಿನ ಒಣ ಕಾಲುವೆಯ ಗೋಡೆಗೆ ಹೀಗೆಯೇ ಗೆರೆ ಎಳೆದಿದ್ದೇನೆ.'

ಏಳು ತಿಂಗಳು ಒಂದೇ ಜೀಪಿನಲ್ಲಿ ತಿರುಗಿದ್ದೆವು. ಊರೆಲ್ಲ ಅಮೇರಿಕಾ ಎಂದಿತು, ನಾನೂ ಅಮೇರಿಕಾ ಎಂದೆ. ನಿಮ್ಮ ದೇಶ ಯಾವುದು ಎಂದು ಒಂದು ಸಲವೂ ಕೇಳಿರಲಿಲ್ಲ. ಕ್ರಾಸಿನ ಕಾವಲಿನವ ಟೋಪಿ ನೋಡಿದ, ನಾನು ಚರ್ಮ ನೋಡಿದ್ದೆ. ಇಬ್ಬರೂ ಮನುಷ್ಯನನ್ನು ನೋಡಿರಲಿಲ್ಲ.

ಆದರೆ ನಾಚಿಕೆಯ ಜೊತೆಗೇ ಸಿಟ್ಟೂ ಬಂತು. 'ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ?' ಎಂದು ಜೋರಾಗಿಯೇ ಕೇಳಿದೆ. 'ನೀವು ಅಲ್ಲೇ ಒಂದು ಮಾತು ಕೇಳಿದ್ದರೆ ಭೀಮರಾಯನ ಕೆಲಸ ಹೋಗುತ್ತಿರಲಿಲ್ಲ.'

ಭೀಮರಾಯನ ಕೆಲಸ ಹೋದದ್ದು ನಾನು ಹೇಳುವ ತನಕ ಅವರಿಗೆ ಗೊತ್ತಿರಲಿಲ್ಲ. ಅವರ ಕತ್ತು, ಕಿವಿ ಕೆಂಪಾದವು. 'ನಾನು ಇಲ್ಲಿ ಅತಿಥಿ' ಎಂದರು. 'ನೀವು ಹೆದರಿದ್ದೀರಿ ಎಂದು ಕಂಡಿತು. ನಿಮ್ಮನ್ನು ಎಲ್ಲರೆದುರು ಸುಳ್ಳುಗಾರ ಮಾಡಬಾರದು ಎಂದು ಸುಮ್ಮನಾದೆ.' ನಮ್ಮವರು ಅತಿಥಿಗೆ ಇಲ್ಲ ಎನ್ನಲಾರದೆ ಅದ ಎಂದಿದ್ದರು. ಅತಿಥಿ ನಮಗೆ ಇಲ್ಲ ಎನ್ನಲಾರದೆ ಹೌದು ಎಂದಿದ್ದರು. ಈ ಮರ್ಯಾದೆಯ ನಡುವೆ ಹೆಗಲು ಬರಿದಾದದ್ದು ಭೀಮರಾಯನದು.

ಮರುದಿನ ಇಬ್ಬರೂ ಟೇಲ್‌ಗೆ ಹೋದೆವು. ಪ್ರೋಗ್ರಾಂ ಕಾಗದ ಕಳಿಸಲಿಲ್ಲ. ಭೀಮರಾಯ ಗೇಟಿನ ಹತ್ತಿರ ಬೀಡಿ ಸೇದುತ್ತ ಕೂತಿದ್ದ. ಅವನು ಅಂದು ಕೇಳಿದ್ದ ಪ್ರಶ್ನೆಗೆ ನಾನು ಉತ್ತರ ಕೊಟ್ಟೆ. ಇಂಗ್ಲಿಷಿನಲ್ಲಿ ಏನು ಹೇಳಿದ್ದೆ ಎಂಬುದನ್ನು ಒಂದು ಅಕ್ಷರ ಬಿಡದೆ ಹೇಳಿದೆ. ಪೀಟರ್ ತಮ್ಮದನ್ನು ಹೇಳಿದರು. ಅದನ್ನು ಈ ಸಲ ಇದ್ದದ್ದು ಇದ್ದ ಹಾಗೆ ಭಾಷಾಂತರ ಮಾಡಿದೆ.

ಭೀಮರಾಯ ಬೀಡಿ ಪೂರ್ತಿ ಮುಗಿಸಿದ. ಎದ್ದು ಬಂದು ಪೀಟರ್ ತಲೆಯ ಮೇಲಿನ ಟೋಪಿ ತೆಗೆದು ತಾನು ಹಾಕಿಕೊಂಡ. ಹೆಗಲ ಮೇಲಿನ ಹ್ಯಾಂಡಲ್ ಇಳಿಸಿ ನನ್ನ ಕೈಗೆ ಕೊಟ್ಟ.

"ಎಇಇ ಸಾಹೇಬ್ರದು ನೀವು ತೀರಿಸಿದ್ರಿ. ನಿಮ್ಮದು ಉಳದದ" ಎಂದ. "ಎತ್ರಿ ಗೇಟ್. ಇಬ್ರೂ ಸೇರಿ ಎತ್ರಿ."

ಅದು ಎಂಬತ್ತು ಸುತ್ತಿನ ಗೇಟು. ಒಂದು ಸುತ್ತು ತಿರುವಿದರೆ ಅರ್ಧ ಬೆರಳಿನಷ್ಟು ಏಳುತ್ತದೆ. ಮಧ್ಯಾಹ್ನದ ಬಿಸಿಲು. ನಾನು ಒಂದಿಷ್ಟು ಸುತ್ತು ತಿರುವುವುದು, ಉಸಿರು ಹತ್ತಿದಾಗ ಪೀಟರ್ ಒಂದಿಷ್ಟು ಸುತ್ತು ತಿರುವುವುದು. ಊರವರು ಒಬ್ಬೊಬ್ಬರಾಗಿ ಬಂದು ನಿಂತರು, ಯಾರೂ ಕೈ ಹಚ್ಚಲಿಲ್ಲ, ಯಾರೂ ನಗಲೂ ಇಲ್ಲ. ನನ್ನ ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು. ಪೀಟರ್ ಬೋಳು ತಲೆ ಕೆಂಪಗೆ ಕಾದಿತ್ತು. ಭೀಮರಾಯ ಕಲ್ವರ್ಟಿನ ಮೇಲೆ ಟೋಪಿ ಹಾಕಿಕೊಂಡು ಕಾಲು ಇಳಿಬಿಟ್ಟು ಕೂತು ಎಣಿಸುತ್ತಿದ್ದ. ಸಾಕು ಎನ್ನುತ್ತಾನೆ ಎಂದು ನಾನು ಎರಡು ಸಲ ಅವನ ಮುಖ ನೋಡಿದೆ. ಅವನು ಸಾಕು ಎನ್ನಲಿಲ್ಲ.

ನೌಕರಿ ನನಗೆ ಕಲಿಸಿದ್ದು ಬಹಳವೇನಿಲ್ಲ. ಹೆಡ್‌ನಲ್ಲಿ ಎಷ್ಟು ಬಿಟ್ಟರು ಎಂದು ನೋಡಬೇಡ, ಟೇಲ್‌ಗೆ ಎಷ್ಟು ಮುಟ್ಟಿತು ಎಂದು ನೋಡು ಎಂಬುದೊಂದು. ನೀರಿಗೆ ಅದು ನಿಜ ಎಂದು ಮೊದಲಿನಿಂದ ಗೊತ್ತಿತ್ತು. ಒಬ್ಬ ಬಡವನ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವನಿಗೂ ಅದು ನಿಜ ಎಂದು ತಿಳಿದದ್ದು ಆ ಗೇಟಿನ ಹತ್ತಿರ, ಅಂಗೈ ಒಡೆದ ಮೇಲೆ. ಎಪ್ಪತ್ತಾರನೆಯ ಸುತ್ತಿಗೆ ನನ್ನ ಕೈ ಸೋತು ಹ್ಯಾಂಡಲ್ ಬಿಟ್ಟೆ.

"ಇನ್ನಾ ನಾಲ್ಕು ಅದಾವ್ರಿ" ಎಂದ ಭೀಮರಾಯ.